ಹಾಡಿದ್ದು ಲೆಕ್ಕಕ್ಕಿಲ್ಲ

ನಮ್ಮ ಊರಿಗೆ ಹೆಸರಿಲ್ಲ. ಆದರೆ ಹೆಸರು ಹೇಳಲು ಬಾರದವರಿಗೆ ನಮ್ಮ ಊರಿನಲ್ಲಿ ಜಾಗವಿಲ್ಲ. ಊರ ನಡುವೆ ಒಂದು ಕಟ್ಟೆ ಇದೆ. ಅದಕ್ಕೆ ಕೇಳುವ ಕಟ್ಟೆ ಎನ್ನುತ್ತಾರೆ. ಕಟ್ಟೆಯ ಹಿಂದಿನ ಕಲ್ಲಿನ ಮೇಲೆ ಯಾವ ಕಾಲದವರೋ ಒಂದು ಮಾತು ಕೊರೆದಿದ್ದಾರೆ: 'ಹೇಳಿದ್ದೇ ನೆನಪು, ಉಳಿದದ್ದು ಗಾಳಿ.' ನಮ್ಮ ಮಕ್ಕಳು ಅಕ್ಷರ ಕಲಿಯುವುದೇ ಈ ಮಾತಿನಿಂದ. ಮುದುಕರು ಇದನ್ನು ಓದಿ ಬೆವರುತ್ತಾರೆ.

ನಾನು ಕೇಳುವವನು. ನನ್ನಪ್ಪನೂ ಕೇಳುವವನೇ ಆಗಿದ್ದ. ಲಕ್ವ ಹೊಡೆದು ಬಾಯಿ ಬಿದ್ದವರನ್ನು ಈ ಕಟ್ಟೆಯ ಮೇಲೆ ಕೂರಿಸಿ ಮೂರು ಬೆಳಗು ಕೇಳುವುದು ನಮ್ಮ ಮನೆತನದ ಕೆಲಸ. ಮೊದಲ ಬೆಳಗು ಮೊರದಲ್ಲಿ ಹನ್ನೆರಡು ಸಾಮಾನು ಇಟ್ಟು ಹೆಸರು ಕೇಳುತ್ತೇವೆ. ಎರಡನೆಯ ಬೆಳಗು ಹನ್ನೆರಡು ಮಾತುಗಳನ್ನು ಐದು ಸಲ ಹೇಳಿಕೊಟ್ಟು, ತಿರುಗಿ ಹೇಳು ಎನ್ನುತ್ತೇವೆ. ಮೂರನೆಯ ಬೆಳಗು ಮನೆಯವರನ್ನು ಎದುರಿಗೆ ನಿಲ್ಲಿಸಿ, ಇವರು ಯಾರು ಎಂದು ಕೇಳುತ್ತೇವೆ. ಮೊರ ಹಿಡಿಯುವುದು ಕೇಳುವವನ ಹೆಂಡತಿ.

ಮೂರೂ ಬೆಳಗು ಮುಗಿದ ಮೇಲೆ ಊರ ಹಿರಿಯ ನನ್ನ ಕಡೆ ತಿರುಗಿ, ಇವರ ಒಳಗೆ ಏನಾದರೂ ಉಂಟೋ ಎಂದು ಕೇಳುತ್ತಾನೆ. ನಾನು 'ಐತಿ' ಎನ್ನಬೇಕು, ಇಲ್ಲವೇ 'ಇಲ್ಲ' ಎನ್ನಬೇಕು. ಐತಿ ಎಂದರೆ ಅವರು ಎದ್ದು ಮನೆಗೆ ಹೋಗುತ್ತಾರೆ. ಇಲ್ಲ ಎಂದರೆ ಅವರು ಬರಿದಾದವರು. ಮನೆಯವರು ಅಲ್ಲೇ ತಲೆಯ ಮೇಲೆ ನೀರು ಹೊಯ್ದುಕೊಳ್ಳುತ್ತಾರೆ, ಹದಿಮೂರನೆಯ ದಿನ ಊಟ ಹಾಕುತ್ತಾರೆ. ಬರಿದಾದವರನ್ನು ಹಳ್ಳದ ಆಚೆ ದಂಡೆಗೆ ಕಳಿಸುತ್ತಾರೆ. ಊರು ಕಟುಕರದಲ್ಲ ನೋಡಿ! ಪ್ರತಿ ಸೋಮವಾರ ಈಚೆ ದಂಡೆಯ ಕಲ್ಲಿನ ಮೇಲೆ ಒಂದು ಬುಟ್ಟಿ ಜೋಳ ಇಟ್ಟು, ಹಿಂತಿರುಗಿ ನೋಡದೆ ಬರುತ್ತೇವೆ. ಮುಂದಿನ ಸೋಮವಾರ ಬುಟ್ಟಿ ಖಾಲಿ ಇರುತ್ತದೆ. ನಾಯಿ ತಿಂದಿರಬೇಕು ಎನ್ನುತ್ತೇವೆ. ಜೋಳ ತಿನ್ನುವ ನಾಯಿಯನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ.

ಇಷ್ಟು ಹೇಳಿದ ಮೇಲೆ ನನ್ನವ್ವನ ಮಾತನ್ನೂ ಹೇಳಿಬಿಡಬೇಕು. ನಲವತ್ತು ವರ್ಷ ಅಪ್ಪನ ಪಕ್ಕದಲ್ಲಿ ನಿಂತು ಮೊರ ಹಿಡಿದವಳು ಅವಳು. ಒಂದು ಚಳಿಗಾಲ ಅವಳ ಬಾಯಿ ಬಿತ್ತು. ಅಪ್ಪ ಅವಳನ್ನೇ ಕಟ್ಟೆಯ ಮೇಲೆ ಕೂರಿಸಿ, ಅವಳು ನಲವತ್ತು ವರ್ಷ ಹಿಡಿದ ಮೊರವನ್ನೇ ಅವಳ ಮುಂದಿಟ್ಟು ಕೇಳಿದ. ಅವಳು ಒಂದೊಂದನ್ನೂ ಎತ್ತಿ, ಸೆರಗಿನಿಂದ ಒರೆಸಿ, ಅದರದರ ಜಾಗದಲ್ಲೇ ಇಟ್ಟಳು. ಹೆಸರು ಮಾತ್ರ ಬರಲಿಲ್ಲ. ಮೂರನೆಯ ಬೆಳಗು ನನ್ನನ್ನು ನೋಡಿ ಏನೋ ಗುನುಗಿದಳು. ಅಪ್ಪ 'ಇಲ್ಲ' ಎಂದ. ಅದಾಗಿ ಇಪ್ಪತ್ತೆರಡು ವರ್ಷ. ಆ ದಿನ ಅವಳು ಇಟ್ಟಿಗೆ ಬಣ್ಣದ, ಸಾಸಿವೆ ಅಂಚಿನ ಸೀರೆ ಉಟ್ಟಿದ್ದಳು. ಅಂಚಿನಲ್ಲಿ ಒಲೆಯ ಕಿಡಿ ಹಾರಿ ಸುಟ್ಟ ಒಂದು ತೂತು ಇತ್ತು. ಅದನ್ನು ಅವಳೇ ಹಸಿರು ದಾರದಿಂದ ತುಂಬಿದ್ದಳು, ಮನೆಯಲ್ಲಿ ಬೇರೆ ದಾರ ಇರಲಿಲ್ಲ.

ನಮ್ಮೂರಲ್ಲಿ ತಾಯಿ ಸತ್ತರೆ ಅವಳ ಸೀರೆಯ ತುಂಡನ್ನು ನಡುವೆ ಇಟ್ಟು, ಸುತ್ತ ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿಸಬೇಕು. ಹಿರಿಯ ಮಗ ಅದನ್ನು ಹೊದ್ದರೇ ಅವಳ ಋಣ ಹರಿಯುವುದು. ಅವ್ವನ ಹದಿಮೂರನೆಯ ದಿನದ ಊಟ ಮುಗಿಸಿ ನಾನು ಕೌದಿಯವ್ವನ ಮನೆಗೆ ಹೋದೆ. ಊರಿಗೆಲ್ಲ ಕೌದಿ ಹೊಲಿಯುವವಳು ಅವಳೊಬ್ಬಳೇ. ಅವಳ ಹತ್ತಿರ ಒಂದು ಗಂಟು ಇತ್ತು, ಎಮ್ಮೆಯ ಹೊಟ್ಟೆಯಷ್ಟು ದೊಡ್ಡದು. ಊರಿನ ಮೂರು ತಲೆಮಾರಿನ ಹಳೆ ಬಟ್ಟೆ ಅದರೊಳಗೆ. ಯಾವ ತುಂಡು ಎಳೆದರೂ ಇದು ಇಂಥವಳ ಕುಪ್ಪಸ, ಇದು ಇಂಥವನ ಧೋತರ ಎಂದು ಹೇಳುತ್ತಿದ್ದಳು. ಬಾಯಿಯೋ, ಬಡಬಡ ಬಡಬಡ, ಹಿಟ್ಟಿನ ಗಿರಣಿ. ಕೆಲಸ ಮಾತ್ರ ಯಾವತ್ತೂ ತಡ. ಯಾರು ಬಂದು ಕೇಳಿದರೂ 'ನಾಳಿ ಬಾ' ಎನ್ನುವಳು.

ಅವತ್ತು ನನ್ನ ಮಾತು ಕೇಳಿ ಮಾತ್ರ ಅವಳು ಸೂಜಿ ಕೆಳಗಿಟ್ಟಳು.

"ಸೀರಿ ಎಲ್ಲಿ ಐತೋ ತಮ್ಮಾ?"

"ಅವ್ವ ಉಟ್ಕೊಂಡ ಹೋಗ್ಯಾಳ."

"ಮೈಮ್ಯಾಲಿನ ಸೀರಿ ಕೌದಿಗೆ ಬರಂಗಿಲ್ಲಪಾ. ಆಕಿ ಅದನ್ನ ಬಿಟ್ಟ ಮ್ಯಾಲ ಹೊಲೀತೀನಿ. ಮರಿಯಂಗಿಲ್ಲ, ಮಾತ ಕೊಟ್ಟೀನಿ. ಈಗ ಹೋಗು, ನಾಳಿ ಬಾ."

ನನಗೆ ಸಿಟ್ಟು ಬಂತು. ಊರೆಲ್ಲ ಊಟ ಮಾಡಿ ಕೈ ತೊಳೆದಿರುವಾಗ ಇವಳು ಯಾವಾಗಲೋ ಸಾಯುವ ಮಾತು ಆಡುತ್ತಾಳಲ್ಲ ಎಂದು. ಆಮೇಲೆ ಅಪ್ಪ ತೀರಿಕೊಂಡ, ನಾನು ಕೇಳುವವನಾದೆ, ನನ್ನ ಹೆಂಡತಿ ಮೊರ ಹಿಡಿದಳು. ಕೌದಿ ಬರಲಿಲ್ಲ. ನಾನೂ ಕೇಳಲಿಲ್ಲ.

ಹೋದ ವರ್ಷ ಕೌದಿಯವ್ವನಿಗೇ ಲಕ್ವ ಹೊಡೆಯಿತು. ಬಲಗೈ ಸೋತಿತು, ಬಾಯಿ ಬಿತ್ತು. ಗಿರಣಿ ನಿಂತ ಮೇಲೆ ಅದರೊಳಗೆ ಒಂದೇ ಕಾಳು ಉಳಿದ ಹಾಗೆ ಅವಳ ಬಾಯಲ್ಲಿ ಒಂದೇ ಮಾತು ಉಳಿಯಿತು: ನಾಳಿ. ನೀರು ಬೇಕಾದರೂ ನಾಳಿ, ನೋವಾದರೂ ನಾಳಿ, ನಕ್ಕರೂ ನಾಳಿ. ಅವಳ ಗಂಡ ಹಗ್ಗ ಹೊಸೆಯುವ ಮುದುಕ, ಮಾತು ಕಡಿಮೆ. ಅವಳು ಯಾವ 'ನಾಳಿ'ಗೆ ನೀರು ಕೇಳಿದಳು, ಯಾವ 'ನಾಳಿ'ಗೆ ಬೈದಳು ಎಂದು ಅವನಿಗೆ ತಿಳಿಯುತ್ತಿತ್ತು. ಇಬ್ಬರೂ ಸುಖವಾಗಿಯೇ ಇದ್ದರು. ಊರು ಸುಮ್ಮನೆ ಬಿಡಬೇಕಲ್ಲ.

ಮೊದಲ ಬೆಳಗು ಅವಳನ್ನು ಕಟ್ಟೆಯ ಮೇಲೆ ಕೂರಿಸಿದರು. ಊರೆಲ್ಲ ಸುತ್ತ ನಿಂತಿತು. ನನ್ನ ಹೆಂಡತಿ ಮೊರ ತಂದಿಟ್ಟು, ಮೇಲಿನ ಬಟ್ಟೆ ತೆಗೆದಳು. ಸೂಜಿ, ಬಾಚಣಿಗೆ, ಹಣತೆ, ಬೀಗದ ಕೈ, ಲಟ್ಟಣಿಗೆ, ಅಡಕತ್ತರಿ, ಬಳೆ, ಕನ್ನಡಿ, ಗಂಟೆ, ಹಗ್ಗದ ತುಂಡು, ಭರಣಿ, ಸೌಟು.

ನಾನು ಸೂಜಿ ಎತ್ತಿದೆ. "ಇದಕ್ಕ ಏನಂತಾರ?"

ಅವಳು ನಕ್ಕಳು. ಅರವತ್ತು ವರ್ಷ ಅದನ್ನೇ ಹಿಡಿದವಳನ್ನು ಕೇಳುವ ಪ್ರಶ್ನೆಯೇ ಅದು! "ನಾಳಿ" ಎಂದಳು. ತಪ್ಪಾಯಿತೆಂದು ಅವಳಿಗೇ ಗೊತ್ತಾಯಿತು. ತಲೆ ಅಲ್ಲಾಡಿಸಿ, ಎಡಗೈಯಿಂದ ಸೂಜಿ ಕಿತ್ತುಕೊಂಡು, ಇಲ್ಲದ ದಾರವನ್ನು ನಾಲಿಗೆಯಿಂದ ಒದ್ದೆ ಮಾಡಿ, ಇಲ್ಲದ ದಾರವನ್ನು ಪೋಣಿಸಿ, ತನ್ನ ಸೆರಗಿನ ಮೇಲೆ ನಾಲ್ಕು ಹೊಲಿಗೆ ಹಾಕಿ ತೋರಿಸಿದಳು.

"ತೋರ್ಸಿದ್ದು ಲೆಕ್ಕಕ್ಕಿಲ್ಲವ್ವ," ಎಂದೆ. "ಬಾಯಿ ಬಿಟ್ಟ ಹೇಳು."

ಬಾಚಣಿಗೆಯನ್ನು ತಲೆಗೆ ಮುಟ್ಟಿಸಿದಳು. ತೋರಿಸಿದ್ದು ಲೆಕ್ಕಕ್ಕಿಲ್ಲ. ಅಡಕತ್ತರಿಯನ್ನು ಒತ್ತಿ ತೋರಿಸಿದಳು. ತೋರಿಸಿದ್ದು ಲೆಕ್ಕಕ್ಕಿಲ್ಲ. ಹಗ್ಗದ ತುಂಡು ಕಂಡಾಗ ಗಂಡನ ಕಡೆ ಬೆರಳು ಮಾಡಿದಳು, ಅದನ್ನು ಹೊಸೆದವನು ಅವನೇ. ಅದೂ ಲೆಕ್ಕಕ್ಕಿಲ್ಲ. ಹನ್ನೆರಡಕ್ಕೂ ಹನ್ನೆರಡು ನಾಳಿ. ಕಡೆಗೆ ಸೌಟನ್ನು ನನ್ನ ತಲೆಗೆ ಹೊಡೆಯುವವಳಂತೆ ಎತ್ತಿದಳು. ಜನ ನಕ್ಕರು. ಮೊದಲ ಬೆಳಗು ಹೀಗೆ ಮುಗಿಯಿತು.

ಎರಡನೆಯ ಬೆಳಗು ನಾನು ಹನ್ನೆರಡು ಮಾತು ಹೇಳಿದೆ. ಮಾವು, ಮಡಕೆ, ಕಾಗೆ, ಹಾಸಿಗೆ, ಹೀಗೆ. ಐದು ಸಲ ಹೇಳಿದೆ. ಅವಳು ನನ್ನ ಬಾಯನ್ನೇ ನೋಡುತ್ತ, ತನ್ನ ಬಾಯನ್ನು ಹಾಗೆಯೇ ಮಾಡಲು ಒದ್ದಾಡಿದಳು. ತುಟಿ ಮಾವಿಗೆ ಸೇರುತ್ತಿತ್ತು, ಹೊರಗೆ ನಾಳಿ ಬೀಳುತ್ತಿತ್ತು. ಕಣ್ಣಲ್ಲಿ ನೀರು ಬಂತು. ಅತ್ತಿದ್ದು ಲೆಕ್ಕಕ್ಕಿಲ್ಲ.

ಆಗ ಸಾಕಾಗಿ ಅವಳು ಪಕ್ಕದಲ್ಲಿದ್ದ ಮೊರವನ್ನು ತನ್ನ ಕಡೆ ಎಳೆದುಕೊಂಡಳು. ನನ್ನ ಹೆಂಡತಿ ಅವತ್ತು ಬೆಳಿಗ್ಗೆ ಸಾಮಾನು ಒರೆಸಿ, ಕೈಗೆ ಬಂದ ಹಾಗೆ ಅದರಲ್ಲಿ ಸುರಿದಿದ್ದಳು. ಕೌದಿಯವ್ವ ಒಂದೊಂದನ್ನೇ ಎತ್ತಿ ಜೋಡಿಸತೊಡಗಿದಳು. ಮೇಲೆ ನಾಲ್ಕು, ನಡುವೆ ನಾಲ್ಕು, ಕೆಳಗೆ ನಾಲ್ಕು. ಕೌದಿಯ ತುಂಡು ಕೂಡಿಸುವ ಹಾಗೆ, ಇಟ್ಟು, ದೂರದಿಂದ ನೋಡಿ, ಬೆರಳಲ್ಲಿ ಸರಿಸಿ. ಒಂದು ಜಾಗ ಖಾಲಿ ಉಳಿಯಿತು. ಆ ಜಾಗವನ್ನು ತಟ್ಟಿ ನನ್ನ ಹೆಂಡತಿಯ ಮುಖ ನೋಡಿದಳು. ಹೆಂಡತಿ ಗಾಬರಿಯಿಂದ ಹುಡುಕಿದರೆ, ಗಂಟೆ ಒರೆಸುವ ಬಟ್ಟೆಯಲ್ಲೇ ಸುತ್ತಿಕೊಂಡು ಉಳಿದಿತ್ತು.

ನಿನ್ನೆ ಮೊರ ಹೇಗಿತ್ತು ಎಂದು ನನಗೇ ನೆನಪಿರಲಿಲ್ಲ. ಕೇಳುವವನ ಹತ್ತಿರ ಒಂದು ಹಲಗೆ ಇರುತ್ತದೆ, ಮೊದಲ ದಿನದ ಮೊರ ಹೇಗಿತ್ತೆಂದು ಅದರ ಮೇಲೆ ಸುಣ್ಣದಲ್ಲಿ ಬರೆದಿಡುತ್ತೇವೆ. ಹಲಗೆ ತೆಗೆದು ನೋಡಿದೆ. ಮೇಲಿನ ಸಾಲು ಸರಿ. ನಡುವಿನ ಸಾಲು ಸರಿ. ಕೆಳಗಿನ ಸಾಲಿನ ಮೊದಲ ಜಾಗದಲ್ಲಿ ಗಂಟೆ. ಒಂದೇ ಒಂದು ಸಲ ಕಂಡದ್ದು, ಹನ್ನೆರಡಕ್ಕೆ ಹನ್ನೆರಡೂ ಸರಿ. ಊರಲ್ಲಿ ಬಾಯಿದ್ದವರು ನೂರು ಜನ ನಿಂತಿದ್ದರು. ಅವರಲ್ಲಿ ಒಬ್ಬರಿಗೂ ಇದು ಆಗುತ್ತಿರಲಿಲ್ಲ. ನನಗೂ ಆಗಲಿಲ್ಲ.

ಹೆಂಡತಿ ಹಲಗೆಯನ್ನು ಬಗ್ಗಿ ನೋಡಿದಳು. ಮೆಲ್ಲಗೆ, "ಆಕೀಗೆ ಎಲ್ಲಾ ನೆನಪೈತಿರೀ," ಎಂದಳು.

"ಜೋಡಿಸಿದ್ದು ಲೆಕ್ಕಕ್ಕಿಲ್ಲ," ಎಂದು ನಾನು ಹಲಗೆಯನ್ನು ತೊಡೆಯ ಕೆಳಗೆ ಹಾಕಿಕೊಂಡೆ. ಅವ್ವನೂ ಹೀಗೇ ಒರೆಸಿ ಒರೆಸಿ ಅದರದರ ಜಾಗದಲ್ಲಿ ಇಟ್ಟಿದ್ದಳಲ್ಲ, ಅದು ಕಣ್ಣ ಮುಂದೆ ಬಂತು.

ಮೂರನೆಯ ಬೆಳಗು ಗಂಡನನ್ನು ಅವಳೆದುರು ನಿಲ್ಲಿಸಿದರು. ಮುದುಕ ತೊಳೆದ ಅಂಗಿ ಹಾಕಿಕೊಂಡು, ಮದುವೆಗೆ ನಿಂತವನ ಹಾಗೆ ನೆಟ್ಟಗೆ ನಿಂತಿದ್ದ.

"ಇವ್ರ ಯಾರವ್ವ? ಹೆಸರ ಹೇಳು."

ಇಲ್ಲಿ ನಮ್ಮೂರಿನ ಇನ್ನೊಂದು ಕಟ್ಟಳೆ ಹೇಳಬೇಕು. ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಲ್ಲಿ ಆಡುವ ಹಾಗಿಲ್ಲ. ಮದುವೆಯ ದಿನ, ಹೊಸ್ತಿಲ ಮೇಲೆ ಗೆಳತಿಯರು ಅಡ್ಡಗಟ್ಟಿ ನಿಂತಾಗ, ಒಂದೇ ಒಂದು ಸಲ, ಎರಡು ಸಾಲಿನ ಒಡಪಿನಲ್ಲಿ ಸುತ್ತಿ ಹಾಡಬೇಕು. ಆಮೇಲೆ ಆ ಹೆಸರಿಗೆ ಬೀಗ. ಅವರು, ಇವರು, ನಮ್ಮನಿಯವರು ಎಂದೇ ಸಾಯುವ ತನಕ. ಬಾಯಿ ತಪ್ಪಿ ಹೆಸರು ಆಡಿದವಳನ್ನು ಊರು ಬಾಯಿಗೆ ಬಂದ ಹಾಗೆ ಅನ್ನುತ್ತದೆ. ಬಾಯಿ ಬೀಳುವ ತನಕ ಹೆಸರು ಹೇಳಬಾರದು, ಬಾಯಿ ಬಿದ್ದ ಮೇಲೆ ಹೆಸರು ಹೇಳಲೇಬೇಕು. ಇದರಲ್ಲಿ ವಿಚಿತ್ರವೇನಿದೆ ಎಂದು ಆವತ್ತಿನವರೆಗೆ ಯಾರಿಗೂ ಅನಿಸಿರಲಿಲ್ಲ. ನನಗಂತೂ ಅನಿಸಿರಲೇ ಇಲ್ಲ.

ಅವಳು ಗಂಡನನ್ನು ನೋಡಿದಳು. ಊರನ್ನು ನೋಡಿದಳು. ನಾಚಿಕೊಂಡಳು. ಎಪ್ಪತ್ತು ದಾಟಿದ ಮುದುಕಿ, ಅರ್ಧ ಮುಖ ಸೋತವಳು, ಸೆರಗು ಎಳೆದುಕೊಂಡು ನಾಚಿದಳು. ಬಾಯಿ ತೆಗೆದು "ನಾ" ಎಂದು ನಿಲ್ಲಿಸಿದಳು. ಮುದುಕ ಕಣ್ಣು ಮುಚ್ಚಿದ.

ಆಗ ಅವಳು ಹಾಡಿದಳು.

"ಹಿತ್ತಲ ಹೀರೀಬಳ್ಳಿ ಹಬ್ಬೇತಿ ಹಂದರಕ,
ಹತ್ತೂರ ದಾಟಿ ಗುರುಪಾದ ಬಂದಾನ ಹಂದರಕ."

ಒಂದು ಅಕ್ಷರ ಮುಗ್ಗರಿಸಲಿಲ್ಲ. ಮೂರು ದಿನ ಒಂದು ಮಾತಿಗೆ ಒದ್ದಾಡಿದ ಬಾಯಿ ಅದೇನಾ ಎನ್ನುವ ಹಾಗೆ, ಹದಿನಾರು ವರ್ಷದ ಹುಡುಗಿಯ ರಾಗದಲ್ಲಿ ಆ ಎರಡು ಸಾಲು ಹರಿದು ಬಂತು. ಹೆಸರಿತ್ತು. ಹತ್ತೂರು ದಾಟಿ ಬಂದವನ ಹೆಸರು, ಐವತ್ತೈದು ವರ್ಷದ ಹಿಂದೆ ಬೀಗ ಹಾಕಿಟ್ಟ ಹೆಸರು, ಇದ್ದಲ್ಲೇ ಇತ್ತು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಮುದುಕ ಕಣ್ಣು ತೆರೆದ.

ಊರ ಹಿರಿಯ ಕೆಮ್ಮಿದ. "ಇದು ಹಾಡಾತು. ಕಟ್ಟಳ್ಯಾಗ ಮಾತಂತ ಐತಿ. ಕೇಳಾವನಾ, ಇನ್ನೊಮ್ಮಿ ಕೇಳು."

ಕೇಳಿದೆ. ಹಾಡಬೇಡ, ಹೇಳು ಎಂದೆ. ಅವಳು ಹೇಳಲು ಹೋದಳು. "ನಾಳಿ" ಎಂದಳು. ಕೈಯಿಂದ ಬಾಯಿಗೆ ಬಡಿದುಕೊಂಡಳು. ಮತ್ತೆ ಹಾಡಲು ಬಾಯಿ ತೆಗೆದಾಗ ನಾನೇ ಕೈ ಅಡ್ಡ ಹಿಡಿದೆ.

"ಹಾಡಿದ್ದು ಲೆಕ್ಕಕ್ಕಿಲ್ಲವ್ವ."

ಮುದುಕ ಮೊದಲ ಸಲ ಬಾಯಿ ಬಿಟ್ಟ. "ಐವತ್ತೈದು ವರ್ಷ ಆಕಿ ನನ್ನ ಹೆಸರ ಹೇಳಲಿಲ್ಲ. ಅದಕ್ಕ ನೀವ ಆಕೀನ ಗರತಿ ಅಂದ್ರಿ. ಇವತ್ತ ಹೇಳಲಿಲ್ಲಂತ ಬರಿದಾಗ್ಯಾಳ ಅಂತೀರಿ. ನಿಮ್ಮ ಬಾಯಿಗೆ ಏನ್ ಹೇಳಬೇಕ್ರೋ?"

"ಎರಡೂ ಊರ ಕಟ್ಟಳಿನ ಅಲ್ಲೇನಪಾ," ಎಂದ ಹಿರಿಯ. ಅವನು ಕೆಟ್ಟವನಲ್ಲ. ಮೆತ್ತಗೆ ನನ್ನ ಕಡೆ ತಿರುಗಿದ. "ಕಡೀ ಮಾತು ಕೇಳಾವಂದು. ಹಾಡು ಬಿಡು, ತೋರ್ಸಿದ್ದು ಬಿಡು. ಮೂರು ದಿನ ಹತ್ರ ಕೂತ ನೋಡಿದಾವ ನೀನು. ಇವಳ ಒಳಗ ಏನರ ಐತೇನು? ನೀ ಐತಿ ಅಂದ್ರ ಐತಿ."

ನಿಜ ಹೇಳುತ್ತೇನೆ. ನನಗೆ ಗೊತ್ತಿತ್ತು. ಹಲಗೆ ನನ್ನ ತೊಡೆಯ ಕೆಳಗೇ ಇತ್ತು. ಅವಳೊಳಗೆ ಊರಿನ ಮೂರು ತಲೆಮಾರು ಹಾಗೇ ಮಡಚಿ ಇಟ್ಟಿದೆ, ಬಾಗಿಲು ಮಾತ್ರ ಬಿಗಿದುಕೊಂಡಿದೆ ಎಂದು ಗೊತ್ತಿತ್ತು. ನಾಲಿಗೆಯ ತುದಿಯಲ್ಲಿ 'ಐತಿ' ಬಂದು ನಿಂತಿತ್ತು, ಎರಡೇ ಅಕ್ಷರ.

ಆದರೆ ಇವಳ ಒಳಗೆ ಐತಿ ಎಂದರೆ ಅವ್ವನ ಒಳಗೂ ಇತ್ತು. ಗುನುಗಿದ್ದು ಹಾಡೇ ಆಗಿತ್ತು, ನನ್ನನ್ನು ತೂಗಿದ ಹಾಡು. ಅಪ್ಪ ಬದುಕಿದ್ದವಳಿಗೆ ಹದಿಮೂರನೆಯ ದಿನ ಮಾಡಿದ, ನಾನು ಕೂತು ಹೋಳಿಗೆ ತಿಂದೆ. ಆಮೇಲೆ ನಾನು ಕೂತು ಕೇಳಿ 'ಇಲ್ಲ' ಎಂದ ಇಪ್ಪತ್ತೊಂದು ಜನ, ಅವರೊಳಗೂ ಇತ್ತು. ಒಂದು ಸಲ ಐತಿ ಎಂದರೆ ಇವೆಲ್ಲ ಎದ್ದು ಬರುತ್ತವೆ. ನಾನು ಹೇಡಿ. ಹೇಡಿಯ ಬಾಯಿ ಯಾವತ್ತೂ ಬೀಳುವುದಿಲ್ಲ, ಅದೇ ಅದರ ಕರ್ಮ.

"ಇಲ್ಲ," ಎಂದೆ. ಸ್ಪಷ್ಟವಾಗಿ ಎಂದೆ. ಕಡೆಯ ಸಾಲಿನವರಿಗೂ ಕೇಳಿಸಿತು.

ಕೌದಿಯವ್ವ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಾಳಿಕೊಳ್ಳುತ್ತಿದ್ದೆ. ತಪ್ಪು ಬಟ್ಟೆ ಎತ್ತಿಕೊಂಡ ಮಗುವನ್ನು ನೋಡುವ ಹಾಗೆ ನೋಡಿದಳು. ಅವಳನ್ನು ಆ ಮಧ್ಯಾಹ್ನವೇ ಹಳ್ಳ ದಾಟಿಸಿದರು.

ಮುದುಕ ತಲೆಯ ಮೇಲೆ ನೀರು ಹೊಯ್ದುಕೊಳ್ಳಲಿಲ್ಲ. ಮನೆಗೆ ಹೋಗಿ, ಆ ಎಮ್ಮೆ ಹೊಟ್ಟೆಯ ಗಂಟನ್ನು ಬೆನ್ನ ಮೇಲೆ ಹೇರಿಕೊಂಡು, ಬಾಗಿ ಬಾಗಿ ಹಳ್ಳದ ಕಡೆ ಬಂದ. ನಾನು ದಂಡೆಯಲ್ಲಿ ನಿಂತಿದ್ದೆ.

"ದಾಟಿದ್ರ ತಿರುಗಿ ಬರಂಗಿಲ್ಲ, ಕಾಕಾ."

"ಗೊತ್ತೈತಿ. ಅಲ್ಲಿ ನನ್ನ ಹೆಸರ ಹಾಡಾಕ ಒಬ್ಬಾಕಿ ಅದಾಳ. ಇಲ್ಲಿ ಯಾರದಾರ?"

ಅವನು ನೀರಿಗೆ ಇಳಿದ. ನಾನು ಹಿಂತಿರುಗಿ ನೋಡದೆ ಬಂದೆ, ಅದು ಕಟ್ಟಳೆ.

ಚಳಿಗಾಲ ಬಂತು. ಒಂದು ಸೋಮವಾರ ಜೋಳದ ಬುಟ್ಟಿ ಒಯ್ದಿದ್ದ ನನ್ನ ಹೆಂಡತಿ ಓಡುತ್ತ ಮನೆಗೆ ಬಂದಳು. ಖಾಲಿ ಬುಟ್ಟಿ ಖಾಲಿ ಇರಲಿಲ್ಲ. ಅದರಲ್ಲಿ ಒಂದು ಕೌದಿ ಮಡಚಿಟ್ಟಿತ್ತು. ಅಂಗಳದಲ್ಲಿ ಬಿಸಿಲಿಗೆ ಹಾಸಿದಳು. ಹೊಲಿಗೆ ಅಂಕುಡೊಂಕು. ಎಡಗೈಯಲ್ಲಿ ಹೊಸದಾಗಿ ಕಲಿತ ಹೊಲಿಗೆ ಅದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುತ್ತ ಹೋಗುತ್ತ ಸರಿಯಾಗುತ್ತ ಬಂದಿತ್ತು. ಸುತ್ತಲೂ ಹನ್ನೆರಡು ತುಂಡು. ಅಪ್ಪನ ಧೋತರ ಇತ್ತು, ನನ್ನ ತೊಟ್ಟಿಲ ಬಟ್ಟೆ ಇತ್ತು, ನನ್ನ ಹೆಂಡತಿ ಮದುವೆಯಾಗಿ ಬಂದಾಗ ತೊಟ್ಟ ಕುಪ್ಪಸದ ತೋಳು ಇತ್ತು. ನಮ್ಮ ಮನೆಯದಲ್ಲದ ಒಂದು ಚೂರೂ ಅದರಲ್ಲಿ ಇರಲಿಲ್ಲ.

ನಡುವೆ ಇಟ್ಟಿಗೆ ಬಣ್ಣದ ಬಟ್ಟೆ, ಸಾಸಿವೆ ಅಂಚು. ಅಂಚಿನಲ್ಲಿ ಹಸಿರು ದಾರ ತುಂಬಿದ ತೂತು. ಬಟ್ಟೆಯನ್ನು ಬೆರಳಿನಿಂದ ಮುಟ್ಟಿದೆ. ಬೆರಳ ಗೆರೆ ಕಾಣುವಷ್ಟು ತೆಳ್ಳಗಾಗಿತ್ತು. ಒಗೆದು ಉಟ್ಟು, ಉಟ್ಟು ಒಗೆದು, ಇಪ್ಪತ್ತೆರಡು ವರ್ಷ ಮೈಮೇಲೆ ಇದ್ದ ಸೀರೆ ಮಾತ್ರ ಹಾಗೆ ಸವೆಯುತ್ತದೆ. ಸತ್ತವರ ಸೀರೆ ಸವೆಯುವುದಿಲ್ಲ. ಅವ್ವ ಈ ಚಳಿಗಾಲದವರೆಗೆ ಇದ್ದಳು. ಹಳ್ಳದ ಆಚೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ನಾವಿಟ್ಟ ಜೋಳ ಬೀಸಿ ತಿನ್ನುತ್ತ ಇದ್ದಳು. ಈಗ ಸೀರೆ ಬಿಟ್ಟಳು. ಮಾತು ಕೊಟ್ಟ ಕೌದಿಯವ್ವ ಮರೆಯಲಿಲ್ಲ.

ಹೆಂಡತಿ ಅವ್ವನನ್ನು ಕಂಡವಳಲ್ಲ. ಅವಳು ಈ ಮನೆಗೆ ಬಂದದ್ದೇ ಅವ್ವನ ಊಟವಾದ ಮೇಲೆ. "ನಡುವಿನ ಸೀರಿ ಯಾರದುರೀ?" ಎಂದಳು.

ನಾನು ಬಾಯಿ ತೆಗೆದೆ. ನಮ್ಮವ್ವಂದು. ಒಂದೇ ಮಾತು. ಬರಲಿಲ್ಲ. ನನಗೆ ಲಕ್ವ ಹೊಡೆದಿರಲಿಲ್ಲ, ನಾಲಿಗೆ ಗಟ್ಟಿಮುಟ್ಟಾಗಿ ಬಾಯೊಳಗೇ ಇತ್ತು. ಆದರೂ ಬರಲಿಲ್ಲ. ಬೆರಳಿನಿಂದ ಆ ಹಸಿರು ದಾರವನ್ನು ತೋರಿಸಿದೆ. ಎದೆ ಮುಟ್ಟಿ ತೋರಿಸಿದೆ.

ಅವಳಿಗೆ ತಿಳಿಯಿತು.

"ತೋರ್ಸಿದ್ದು ಲೆಕ್ಕಕ್ಕಿಲ್ಲ," ಎಂದಳು. "ಬಾಯಿ ಬಿಟ್ಟ ಹೇಳ್ರಿ."

ನಾನು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಮೊರ ಹಿಡಿಯಲು ಅವಳು ಬರಲಿಲ್ಲ. ಕೌದಿ ಹೊದ್ದು ಜಗುಲಿಯ ಮೇಲೆ ಕೂತಿದ್ದಳು. ನಾನೇ ಮೊರ ಎತ್ತಿಕೊಂಡು ಹೋದೆ. ಕಟ್ಟೆಯ ಮೇಲೆ, ಬಾಯಿ ಬಿದ್ದ ಒಬ್ಬ ಕುಂಬಾರನನ್ನು ಕೂರಿಸಿದ್ದರು. ಊರೆಲ್ಲ ಸುತ್ತ ನಿಂತಿತ್ತು. ನಾನು ಮೊರದಿಂದ ಹಣತೆ ಎತ್ತಿ ಅವನ ಮುಖದ ಮುಂದೆ ಹಿಡಿದೆ.

"ಇದಕ್ಕ ಏನಂತಾರ?" ಎಂದು ಕೇಳಿದೆ.